ಬರೆದಿಟ್ಟಿದ್ದೀರಾ?

‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ ಕೋರ್ಟು ಕಚೇರಿ ಎಂದರೆ ಅಳುಕು. ಇತ್ತೀಚೆಗೆ ಕ್ರಾಯ್ಡನ್‌ನ ಉದ್ಯೋಗ ನ್ಯಾಯಮಂಡಳಿಯಲ್ಲಿ, ಪರಿಚಿತ ಕನ್ನಡತಿ ನರ್ಸ್ ಒಬ್ಬರಿಗೆ ಬೆಂಬಲವಾಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅಲ್ಲಿ ನಿಲುವಂಗಿಯಿಲ್ಲ, ಕೂಗಾಟವಿಲ್ಲ. ಪ್ರಮಾಣಕ್ಕೆ ಭಗವದ್ಗೀತೆಯೂ ಸಲ್ಲುತ್ತದೆ, ಧರ್ಮಗ್ರಂಥವಿಲ್ಲದ ದೃಢೀಕರಣವೂ ಸಲ್ಲುತ್ತದೆ. ಅವರ ಪರವಾಗಿ ಮಾತನಾಡಿದ್ದು ಪುಟಸಂಖ್ಯೆ ಹಾಕಿ ಜೋಡಿಸಿದ್ದ ಕಡತ: ಪಾಳಿಯ ಪಟ್ಟಿ, ಇ-ಮೇಲ್‌ಗಳು, ಅಂದಂದೇ ಬರೆದ ಟಿಪ್ಪಣಿಗಳು.

ಇಷ್ಟಿದ್ದೂ ಅವರ ಮೊದಲ ದೂರು ವಿಚಾರಣೆಗೆ ಬರಲಿಲ್ಲ, ಅವಧಿ ಮೀರಿತ್ತು. ಅವರಿಗಿದ್ದ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಅಷ್ಟರೊಳಗೆ ಏಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸಬೇಕಿತ್ತು. ಆ ದಿನಗಳನ್ನು ನುಂಗಿದ್ದು ‘ಸುಮ್ಮನೆ ರಗಳೆ ಯಾಕೆ’ ಎಂಬ ಹಿತವಚನ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ.

2013ರಲ್ಲಿ ಸರ್ಕಾರ ಈ ಮಂಡಳಿಗಳಲ್ಲಿ 1,200 ಪೌಂಡ್‌ಗಳವರೆಗೆ ಶುಲ್ಕ ವಿಧಿಸಿದಾಗ ದೂರುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಯೂನಿಸನ್ ಕಾರ್ಮಿಕ ಸಂಘದ ಮೇಲ್ಮನವಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ 2017ರ ಜುಲೈ 26ರಂದು ಆ ಶುಲ್ಕವನ್ನು ಕಾನೂನುಬಾಹಿರವೆಂದು ರದ್ದುಪಡಿಸಿತು. ಶುಲ್ಕದ ಗೋಡೆ ಹೀಗೆ ಬಿತ್ತು. ಸಂಕೋಚದ ಗೋಡೆಯನ್ನು ಕೆಡವಲು ಯಾವ ನ್ಯಾಯಾಲಯವೂ ಬರುವುದಿಲ್ಲ.

ರೋಗಿಯ ಕಡತದಲ್ಲಿ ದಿನಾಂಕವಿಲ್ಲದ ಟಿಪ್ಪಣಿಯನ್ನು ನಾನೆಂದೂ ಒಪ್ಪಿದವನಲ್ಲ. ಕೆಲಸದಲ್ಲಿ ಅನ್ಯಾಯವಾಯಿತೆಂದು ಯಾರಾದರೂ ಮನೆಗೆ ಬಂದರೆ, ಇನ್ನು ಮುಂದೆ ಸಮಾಧಾನ ಹೇಳುವ ಮುನ್ನ ಕೇಳುತ್ತೇನೆ: ‘ಯಾವ ದಿನ ನಡೆಯಿತು? ಬರೆದಿಟ್ಟಿದ್ದೀರಾ?’