ಅಜ್ಜಿಯ ಒಲೆ, ಅಜ್ಜನ ಕೋವಿ

ಕಳೆದ ಬೇಸಿಗೆಯಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದಿಂದ ರಜೆಗೆಂದು ಊರಿಗೆ ಬಂದಿದ್ದ ನಮ್ಮ ಬಂಧುವರ್ಗದ ಬಾಲಕಿಯೊಬ್ಬಳು ಬಸದಿಯ ಜಗಲಿಯಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದಳು. ಅವಳ ಶಾಲೆಯಲ್ಲಿ ಮಕ್ಕಳು ತಮ್ಮ ಹಿರಿಯರ ಊಟದ ನೆನಪುಗಳನ್ನು ಬರೆದು ತರಬೇಕಾಗಿತ್ತಂತೆ. ಸಹಪಾಠಿಯೊಬ್ಬ ತನ್ನ ಅಜ್ಜ ಬೇಟೆಯಾಡಿ ತರುತ್ತಿದ್ದ ಅಳಿಲಿನ ಸಾರಿನ ವಿಷಯ ಓದಿದಾಗ ಎಲ್ಲರೂ ಮೆಚ್ಚಿ ಚಪ್ಪಾಳೆ ತಟ್ಟಿದರಂತೆ. "ಅಜ್ಜಾ, ಅವರು ಬಡವರಾಗಿದ್ದರು, ಹಸಿವಿಗಾಗಿ ಕೊಂದರು, ಏನನ್ನೂ ಹಾಳುಮಾಡಲಿಲ್ಲ. ಅದರಲ್ಲಿ ತಪ್ಪೇನು?" ಎಂದಳು.

ಗದರಿ ಸುಮ್ಮನಾಗಿಸಬಹುದಾದ ಪ್ರಶ್ನೆ ಇದಲ್ಲ. ಪರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮಾಂಸಾಹಾರದ ಪರವಾಗಿ ಕೇಳುವ ವಾದಗಳಲ್ಲಿ ಅತ್ಯಂತ ಮಧುರವಾದುದು ಇದೇ. ಆದ್ದರಿಂದ ಮೊದಲು ಆ ಜನರ ಬದುಕನ್ನು ನ್ಯಾಯವಾಗಿ ನೋಡೋಣ.

ಅಪಲಾಚಿಯನ್ ಪರ್ವತಶ್ರೇಣಿಯ ದಕ್ಷಿಣ ಭಾಗವು ವರ್ಜೀನಿಯ, ಕೆಂಟಕಿ, ಟೆನೆಸ್ಸೀ, ಉತ್ತರ ಕೆರೊಲಿನ, ಜಾರ್ಜಿಯ ಮುಂತಾದ ರಾಜ್ಯಗಳಲ್ಲಿ ಹಬ್ಬಿದೆ. ಇಳಿಜಾರಿನ ಹೊಲ, ದೀರ್ಘ ಚಳಿಗಾಲ, ಕೈಯಲ್ಲಿ ಕಾಸಿಲ್ಲದ ಸಂಸಾರ: ಅಲ್ಲಿನ ಅಡುಗೆಯು ಇವುಗಳ ನಡುವೆ ಹುಟ್ಟಿತು. ಮೆಕ್ಕೆಜೋಳದ ಹಿಟ್ಟನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ರೊಟ್ಟಿ, ಅದಕ್ಕೆ ಬೇಯಿಸಿದ ಕಾಳು. ಇದೇ ನಿತ್ಯದ ಊಟ. ಎಳೆಯ ಹುರುಳಿಕಾಯಿಗಳನ್ನು ಸೂಜಿದಾರದಲ್ಲಿ ಪೋಣಿಸಿ ಒಲೆಯ ಬಳಿ ತೂಗುಹಾಕಿ ಒಣಗಿಸಿ, ಚಳಿಗಾಲದಲ್ಲಿ ನೆನೆಸಿ ಗಂಟೆಗಟ್ಟಲೆ ಬೇಯಿಸುತ್ತಿದ್ದರು. ಸೇಬಿನ ಹೋಳುಗಳನ್ನು ಬಿಸಿಲಿಗೆ ಹರವಿ, ಒಣಗಿದ ಹಣ್ಣನ್ನು ಬೇಯಿಸಿ ತೆಳುವಾದ ಕೇಕುಗಳ ನಡುವೆ ಪದರಪದರವಾಗಿ ಹಚ್ಚುತ್ತಿದ್ದರು. ಸಿಹಿಜೋಳದ ದಂಟಿನ ರಸವನ್ನು ಕಾಯಿಸಿ ನಮ್ಮ ಜೋನಿಬೆಲ್ಲದಂತಹ ಪಾಕ ತೆಗೆಯುತ್ತಿದ್ದರು. ಕಾಡಿನ ಚೆಸ್ಟ್‌ನಟ್ ಕಾಯಿಗಳು ಮನೆಯವರ ಆಹಾರವೂ ಆಗಿದ್ದವು, ಮಾರಾಟಕ್ಕೂ ಒದಗುತ್ತಿದ್ದವು. ಆ ಕಾಳಿನ ಮಡಕೆಗೆ ಹಂದಿಯ ಕೊಬ್ಬು ಬೀಳುತ್ತಿತ್ತೆಂಬುದೂ, ಅಳಿಲು, ಮೊಲ, ಜಿಂಕೆ, ಕರಡಿಗಳು ಒಲೆಗೆ ಬರುತ್ತಿದ್ದವೆಂಬುದೂ ಸತ್ಯ; ಅದನ್ನು ಮರೆಮಾಚುವುದು ನಮಗೆ ಶೋಭಿಸದು.

ಆದರೆ ನೆನಪು ಏನನ್ನು ಆರಿಸಿಕೊಂಡು ಮೆರೆಸುತ್ತದೆ ಎಂಬುದನ್ನು ಗಮನಿಸಿ. ಜಾರ್ಜಿಯದ ರೇಬನ್ ಗ್ಯಾಪ್‌ನ ಶಾಲಾ ವಿದ್ಯಾರ್ಥಿಗಳು 1966ರಲ್ಲಿ ಆರಂಭಿಸಿದ 'ಫಾಕ್ಸ್‌ಫೈರ್' ಪತ್ರಿಕೆಯು ಬೆಟ್ಟದ ಹಿರಿಯರ ಕಸುಬು, ಅಡುಗೆ, ಬೇಟೆಯ ಕಥೆಗಳನ್ನೆಲ್ಲ ಶ್ರದ್ಧೆಯಿಂದ ಸಂಗ್ರಹಿಸಿತು. 1972ರಲ್ಲಿ ಗ್ರಂಥರೂಪದಲ್ಲಿ ಬಂದು ಅದು ಬಹು ಪ್ರಸಿದ್ಧಿ ಪಡೆಯಿತು. ಸ್ತುತ್ಯವಾದ ಕಾರ್ಯ. ಆದರೆ ಕಥೆ ಹೇಳುವಾಗ ನಾಲಗೆಗೆ ಮೊದಲು ಬರುವುದು ಅಜ್ಜನ ಕೋವಿ, ಅಜ್ಜಿಯ ಸೂಜಿದಾರವಲ್ಲ. ದಿನದಿನದ ಹಸಿವನ್ನು ತಣಿಸಿದ್ದು ಕಾಳು ಮತ್ತು ಜೋಳ. ಕೀರ್ತಿ ಪಡೆದದ್ದು ಬೇಟೆ. ಜೋಳ, ಕಾಳು, ಕುಂಬಳಗಳನ್ನು ಒಟ್ಟಿಗೆ ಬೆಳೆಯುವ ಕ್ರಮವನ್ನು ಅಲ್ಲಿ ಮೊದಲಿನಿಂದ ರೂಢಿಸಿಕೊಂಡು ಬಂದ ಚೆರೋಕಿ ಜನರನ್ನು 1838ರಲ್ಲಿ ಆ ಬೆಟ್ಟಗಳಿಂದ ಬಲವಂತವಾಗಿ ಹೊರಗಟ್ಟಲಾಯಿತು ಎಂಬುದೂ ಸಾರಿನ ಸವಿನೆನಪಿನಲ್ಲಿ ಮರೆಯಾಗುತ್ತದೆ.

"ಏನನ್ನೂ ಹಾಳುಮಾಡಲಿಲ್ಲ" ಎಂಬ ಮಾತು ಒಂದು ಬಡ ಮನೆಯ ಮಟ್ಟಿಗೆ ನಿಜವಿರಬಹುದು. ಕಾಡಿನ ಮಟ್ಟಿಗೆ ನಿಜವಲ್ಲ. ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಸಂತತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಎಲ್ಕ್ ಎಂಬ ದೊಡ್ಡ ಸಾರಂಗವು ಕೆಂಟಕಿಯಲ್ಲಿ ಸಂಪೂರ್ಣ ಅಳಿದು, 1997ರಿಂದ ಅದನ್ನು ಪಶ್ಚಿಮದ ರಾಜ್ಯಗಳಿಂದ ತಂದು ಬಿಡಬೇಕಾಯಿತು. ಮರದ ವ್ಯಾಪಾರಿಯೂ ಮಾರುಕಟ್ಟೆಯ ಬೇಟೆಗಾರನೂ ಬಡವನಿಗಿಂತ ಹೆಚ್ಚು ಹೊಣೆಗಾರರು, ನಿಜ. ಚೆಸ್ಟ್‌ನಟ್ ಮರಗಳನ್ನು ಕೊಂದದ್ದಂತೂ 1904ರಲ್ಲಿ ನ್ಯೂಯಾರ್ಕಿನಲ್ಲಿ ಗುರುತಿಸಲ್ಪಟ್ಟ ಶಿಲೀಂಧ್ರರೋಗ. ಅರ್ಧ ಶತಮಾನದೊಳಗೆ 300 ಕೋಟಿಗೂ ಹೆಚ್ಚು ಮರಗಳು ನಾಶವಾದವೆಂದು ಅಂದಾಜು. ಅದರೊಡನೆ ಮನುಷ್ಯನ ತುತ್ತೂ ಹೋಯಿತು, ಅಳಿಲಿನ ತುತ್ತೂ ಹೋಯಿತು. ಹಸಿವು ಇಬ್ಬರಿಗೂ ಸಮಾನವಾಗಿತ್ತು. ಕೋವಿ ಮಾತ್ರ ಒಬ್ಬನ ಕೈಯಲ್ಲಿತ್ತು.

ಇಂದಿನ ಬೇಟೆಗಾರರು ಇನ್ನೊಂದು ವಾದ ಹೂಡುತ್ತಾರೆ: ಕೋವಿ, ಗುಂಡುಗಳ ಮೇಲಿನ ತೆರಿಗೆಯನ್ನು 1937ರ ಕಾನೂನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು, ಜಿಂಕೆಗಳು ಮರಳಿ ಹೆಚ್ಚಿದವು, ಈಗ ಅವುಗಳನ್ನು ಕೊಲ್ಲದಿದ್ದರೆ ಎಳೆಗಿಡಗಳು ಉಳಿಯವು ಎಂದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಜಿಂಕೆಯನ್ನು ಮಿತಿಯಲ್ಲಿಟ್ಟಿದ್ದ ತೋಳವನ್ನೂ ಬೆಟ್ಟದ ಸಿಂಹವನ್ನೂ ಆ ಕಾಡುಗಳಿಂದ ಅಳಿಸಿದವರು ಯಾರು? ಕಾವಲುಗಾರನನ್ನು ಕೊಂದು, ಅವನ ಕೆಲಸಕ್ಕೆ ತಾನೇ ಅರ್ಜಿ ಹಾಕಿಕೊಂಡವನ ಮಾತಿನಂತಿದೆ ಇದು. ಕಾಡನ್ನು ಕಾಯುವುದು ಧರ್ಮವೇ ಆಗಿದ್ದರೆ ಅದಕ್ಕೆ ತೆರಿಗೆ ಕೊಡಲು ಕೊಲ್ಲುವ ಸುಖವೇಕೆ ಬೇಕು?

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಸೇರಿಸಿದರು. ಹಸಿದ ಅಜ್ಜನ ವಿಷಯದಲ್ಲಿ ನಮಗೆ ಕರುಣೆಯಿರಲಿ. ಅವನ ತೀರ್ಪು ನಮ್ಮದಲ್ಲ. ಆದರೆ ಅಂಗಡಿಯಲ್ಲಿ ಕಾಳುಬೇಳೆ ಸಿಗುವ ಊರಿನಲ್ಲಿ, ನೆನಪಿನ ರುಚಿಗಾಗಿ ಕೋವಿ ಹಿಡಿಯುವ ಮೊಮ್ಮಗನದು ಶುದ್ಧ ಸಂಕಲ್ಪೀ ಹಿಂಸೆ. ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳಿದರು, ಏಕೆಂದರೆ ಕೊಲ್ಲುವ ಸಂಕಲ್ಪವು ನಿಜವಾದುದಾಗಿತ್ತು. ಚಪ್ಪರಿಸಿ ಹೇಳುವ ಬೇಟೆಯ ನೆನಪೂ ಹಿಟ್ಟಿನ ಕೋಳಿಯೇ. ಅದು ಯಾರನ್ನೂ ಕೊಲ್ಲದು. ಆದರೆ ಕೇಳಿದ ಬಾಲಕನ ಮನಸ್ಸಿನಲ್ಲಿ ಸಂಕಲ್ಪವನ್ನು ಬಿತ್ತುತ್ತದೆ.

ಹಾಗಾದರೆ ನೆನೆಯಲೇ ಬಾರದೇ? ನೆನೆಯಬೇಕು. ನೆನಪಿಗೆ ನಮ್ಮಲ್ಲಿ ಪ್ರತಿಕ್ರಮಣವೆಂಬ ರೂಪವಿದೆ: ಆದದ್ದನ್ನು ಆದಂತೆಯೇ ಸ್ಮರಿಸುವುದು, ನೊಂದ ಜೀವದ ಕ್ಷಮೆ ಬೇಡುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು.

ಇದನ್ನು ಓದಿ ಬೀಗುವ ಶ್ರಾವಕ ಬಂಧುಗಳಲ್ಲಿ ಒಂದು ವಿನಂತಿ. "ಹಿರಿಯರು ಮಾಡುತ್ತಿದ್ದರು" ಎಂಬ ನೆಪವು ಆ ಬೆಟ್ಟದವರ ಸೊತ್ತು ಮಾತ್ರವಲ್ಲ. ಸಾವಿರಾರು ಹುಳುಗಳನ್ನು ಗೂಡಿನಲ್ಲಿಯೇ ಬೇಯಿಸಿ ತೆಗೆದ ರೇಷ್ಮೆಯನ್ನುಟ್ಟು ಪೂಜೆಗೆ ನಿಲ್ಲುವಾಗ ನಾವು ಕೊಡುವ ಸಮಾಧಾನವೂ ಅದೇ. ಬಸದಿಗಳ ಆಡಳಿತ ಮಂಡಳಿಗಳು ಪೂಜೆ, ವಿಧಾನಗಳಿಗೆ ಹತ್ತಿಯ ಮಡಿಬಟ್ಟೆಯನ್ನೇ ನಿಯಮಿಸಲಿ. ನಮ್ಮ ಅಜ್ಜಿಯರು ಚಾತುರ್ಮಾಸಕ್ಕೆಂದು ಒಣಗಿಸಿ, ಶೋಧಿಸಿ, ಕಾಪಿಡುತ್ತಿದ್ದ ಆಹಾರದ ಕ್ರಮಗಳನ್ನು, ಆ ಬೆಟ್ಟದ ವಿದ್ಯಾರ್ಥಿಗಳಂತೆಯೇ, ಅವರು ಬದುಕಿರುವಾಗಲೇ ಕೇಳಿ ಬರೆದಿಡಲಿ.

ಆ ಬಾಲಕಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಮಗಳೇ, ನಿನ್ನ ಗೆಳೆಯನ ಅಜ್ಜನನ್ನು ಹೀಯಾಳಿಸಬೇಡ. ಆದರೆ ಅವನ ಅಜ್ಜಿ ದಾರದಲ್ಲಿ ಪೋಣಿಸುತ್ತಿದ್ದ ಹುರುಳಿಕಾಯಿಯ ಕಥೆಯನ್ನು ಕೇಳು. ಆ ಮನೆಯನ್ನು ಚಳಿಗಾಲ ದಾಟಿಸಿದವಳು ಅವಳು."