ಒಂದು ಸೆಂಟಿಮೀಟರಿನ ಬೆಲೆ

ಈಗ ಪಿಯುಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಅವನ ಅಜ್ಜನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ವಿಕಿರಣ ಚಿಕಿತ್ಸೆಗೆ ಮೊದಲು ಗ್ರಂಥಿಗೂ ಗುದನಾಳಕ್ಕೂ ನಡುವೆ ಜೆಲ್ ತುಂಬಿ, ಸುಮಾರು ಒಂದು ಸೆಂಟಿಮೀಟರ್ ಅಂತರ ಮಾಡುತ್ತಾರಂತೆ. "ಅಷ್ಟರಿಂದ ಏನು ಉಪಯೋಗ ಸಾರ್? ವಿಲೋಮ ವರ್ಗ ನಿಯಮವೇ?" ಎಂದ.

ಪ್ರಶ್ನೆ ಜಾಣತನದ್ದೇ. ಕಾಗದ ಕೊಟ್ಟು ಲೆಕ್ಕ ಮಾಡಿಸಿದೆ. ಚಿಕಿತ್ಸೆಯ ಯಂತ್ರದಲ್ಲಿ ಕಿರಣದ ಮೂಲ ಗ್ರಂಥಿಯಿಂದ ಸುಮಾರು 100 ಸೆಂ.ಮೀ. ದೂರವಿರುತ್ತದೆ. ಅದು 101 ಆದರೆ ತೀವ್ರತೆ ತಗ್ಗುವುದು ಬರೀ ಶೇ. 2! ಹುಡುಗ ಪೆಚ್ಚಾದ.

ಗುಟ್ಟು ಬೇರೆಡೆ ಇದೆ. ಯಂತ್ರ ರೋಗಿಯ ಸುತ್ತ ತಿರುಗುತ್ತ ಹಲವು ದಿಕ್ಕಿನಿಂದ ಕಿರಣ ಹಾಯಿಸುತ್ತದೆ. ಅವೆಲ್ಲ ಕೂಡುವಲ್ಲಿ ವಿಕಿರಣ ಅತಿ ಹೆಚ್ಚು. ಅಲ್ಲಿಂದ ಆಚೆಗೆ, ಬೆಟ್ಟದ ಅಂಚಿನಂತೆ, ಸ್ವಲ್ಪ ದೂರದಲ್ಲೇ ಕಡಿದಾಗಿ ಇಳಿಯುತ್ತದೆ. ಗುದನಾಳವಾದರೋ ಗ್ರಂಥಿಯ ಬೆನ್ನಿಗೇ ಅಂಟಿಕೊಂಡಂತಿದೆ. ಅದರ ಮುಂಗೋಡೆಗೂ ಏಟು ಬಿದ್ದು, ಕೆಲವರಿಗೆ ಚಿಕಿತ್ಸೆ ಮುಗಿದು ತಿಂಗಳುಗಳು, ವರ್ಷಗಳು ಕಳೆದ ಮೇಲೂ ರಕ್ತಸ್ರಾವವಾಗುವುದುಂಟು. ಒಂದು ಸೆಂ.ಮೀ. ಹಿಂದೆ ತಳ್ಳಿದರೆ ಗೋಡೆ ಇಳಿಜಾರಿನ ಕೆಳಗೆ ಬರುತ್ತದೆ. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 70 ಗ್ರೇ ಅಥವಾ ಹೆಚ್ಚು ವಿಕಿರಣ ತಗಲುವ ಗುದನಾಳದ ಭಾಗ ಸರಾಸರಿ ಶೇ. 12ರಿಂದ 3ರ ಆಸುಪಾಸಿಗೆ ಇಳಿಯಿತು.

ಜೆಲ್ ಎಂದರೆ ಪಾಲಿಎಥಿಲೀನ್ ಗ್ಲೈಕಾಲ್, ಉಳಿದದ್ದು ಬಹುಪಾಲು ನೀರು. ಅಲ್ಟ್ರಾಸೌಂಡ್ ಚಿತ್ರ ನೋಡುತ್ತ ಸೂಜಿಯಿಂದ ಒಳಬಿಟ್ಟರೆ ಸೆಕೆಂಡುಗಳಲ್ಲಿ ಹೆಪ್ಪುಗಟ್ಟುತ್ತದೆ. ಮೂರು ತಿಂಗಳು ನಿಂತು, ಆರು ತಿಂಗಳ ಹೊತ್ತಿಗೆ ಕರಗಿಹೋಗುತ್ತದೆ. ಎಲ್ಲರಿಗೂ ಇದನ್ನು ಹಾಕುವುದಿಲ್ಲ. ಗಡ್ಡೆ ಗ್ರಂಥಿಯಿಂದ ಹಿಂದಕ್ಕೆ ಹಬ್ಬಿದ್ದರೆ ಬೇಡವೆನ್ನುತ್ತಾರೆ.

ಸ್ಕ್ಯಾನ್ ಎರಡೇಕೆ ಎಂದೂ ಕೇಳಿದ. ಮನೆಯವರು ಖರ್ಚಿನ ಚಿಂತೆಯಲ್ಲಿದ್ದರು. ಅಂಗಾಂಶಗಳ ಸಾಂದ್ರತೆ ತಿಳಿಸುವುದು ಸಿ.ಟಿ.; ವಿಕಿರಣದ ಲೆಕ್ಕಕ್ಕೆ ಅದೇ ಆಧಾರ. ಆದರೆ ಅದರಲ್ಲಿ ಈ ನೀರುಜೆಲ್ಲೂ ಅಕ್ಕಪಕ್ಕದ ಅಂಗಾಂಶವೂ ಒಂದೇ ಬೂದುಬಣ್ಣ. ಎಂ.ಆರ್.ಐ.ನಲ್ಲಿ ನೀರಿನ ಅಂಶ ಬೆಳ್ಳಗೆ ಹೊಳೆಯುತ್ತದೆ. ಎರಡನ್ನೂ ಒಂದರ ಮೇಲೊಂದು ಹೊಂದಿಸಿ ಗ್ರಂಥಿಯ ಗೆರೆ ಎಳೆಯುತ್ತಾರೆ. ಗೆರೆ ತಪ್ಪಿದರೆ ಜೆಲ್ ಇದ್ದೂ ಗುರಿ ತಪ್ಪುತ್ತದೆ.

"ದಿನಾ ಮೂತ್ರಕೋಶ ತುಂಬುವಷ್ಟು ನೀರು ಕುಡಿದು ಬರಬೇಕಂತೆ. ಅಜ್ಜ ಒಲ್ಲೆ ಅಂತಾರೆ ಸಾರ್." ತುಂಬಿದ ಮೂತ್ರಕೋಶ ಸಣ್ಣಕರುಳನ್ನು ಮೇಲಕ್ಕೆ ಸರಿಸುತ್ತದೆ, ಸ್ಕ್ಯಾನಿನ ದಿನ ಹೇಗಿತ್ತೋ ಚಿಕಿತ್ಸೆಯ ದಿನವೂ ಒಳಗೆಲ್ಲ ಹಾಗೇ ಇರಬೇಕು ಎಂದೆ. ಅದನ್ನೇ ಅಜ್ಜನಿಗೆ ಚಿತ್ರ ಬರೆದು ತೋರಿಸುತ್ತೇನೆಂದು ಲೆಕ್ಕದ ಕಾಗದವನ್ನೂ ಮಡಚಿಕೊಂಡು ಹೋದ.