ಬೋಟಿಗೊಜ್ಜಿಗೆ ವಾಲಗ ಯಾಕಿಲ್ಲ?

ದಸರಾ ಹತ್ತಿರ ಬಂತೆಂದರೆ 'ಮೈಸೂರಿನ ಸಾಂಪ್ರದಾಯಿಕ ಹಬ್ಬದೂಟ' ಎಂಬ ಬರಹ ಎಲ್ಲಾದರೂ ಒಂದು ಕಡೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಮೈಸೂರು ಪಾಕ್ ಇರುತ್ತದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಅದನ್ನು ನಾಲ್ವಡಿಯವರಿಗೆ ಮಾಡಿಕೊಟ್ಟ ಕಥೆಯೂ ಇರುತ್ತದೆ. ಆಮೇಲೆ ಬಿಸಿಬೇಳೆ ಬಾತು, ಪುಳಿಯೋಗರೆ, ಒಬ್ಬಟ್ಟು, ಕೊನೆಗೆ ವೀಳ್ಯದೆಲೆ. ಎಲ್ಲವೂ ರುಚಿಯಾದವೇ. ನನ್ನ ತಕರಾರಿರುವುದು 'ಮೈಸೂರಿನ' ಎಂಬ ಮೊದಲ ಪದದ ಬಗ್ಗೆ. ಈ ಎಲೆಯಲ್ಲಿ ಮುದ್ದೆ ಇಲ್ಲ. ಸಾರು ಇದ್ದರೂ ಅದು ತಿಳಿಸಾರು. ಚಾಮುಂಡಿಯನ್ನು ನಾಡದೇವತೆ ಎಂದೂ ಅವಳ ಹಬ್ಬವನ್ನು ನಾಡಹಬ್ಬ ಎಂದೂ ಕರೆದ ನಾವು, ನಾಡಿನ ಅರ್ಧ ಅಡುಗೆಮನೆಯನ್ನು ಹೊರಗೆ ನಿಲ್ಲಿಸಿ ಎಲೆ ಹಾಕುತ್ತಿದ್ದೇವೆ.

ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ನವರಾತ್ರಿಯ ಹೊಸ್ತಿಲಲ್ಲೇ ಏನು ಬೇಯುತ್ತದೆ ನೋಡಿ. ಪಾಡ್ಯದ ಹಿಂದಿನ ದಿನ ಮಹಾಲಯ ಅಮಾವಾಸ್ಯೆ, ಹಳ್ಳಿಯವರ ಬಾಯಲ್ಲಿ ಮಾರ್ಲಾಮಿ. ಆ ಹೊತ್ತಿಗೆ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆಯ ಪಕ್ಕದಲ್ಲಿ ಬಾಡಿನ ಸಾರು, ಮುದ್ದೆ, ಸತ್ತವರಿಗೆ ಇಷ್ಟವಿದ್ದರೆ ಬೀಡಿ, ಹೆಂಡ. ಎಡೆಯ ಮುಂದೆ ಅಡ್ಡಬಿದ್ದು, ಮನೆಮಂದಿಯೆಲ್ಲ ಉಂಡು ಎದ್ದ ಮೇಲೆ ನವರಾತ್ರಿ ಶುರು. ಸಾವಿರಾರು ಮನೆಗಳಲ್ಲಿ ನಾಡಹಬ್ಬದ ಬಾಗಿಲು ತೆರೆಯುವುದೇ ಈ ಊಟದಿಂದ. ಪುರವಣಿಗಳಿಗೆ ಮಾತ್ರ ಹಬ್ಬ ಶುರುವಾಗುವುದು ಮಾರನೆಯ ದಿನದಿಂದ.

ಇನ್ನು ದೇವಿಯ ಸಂಗತಿ. ಚಾಮುಂಡಿಯ ಜನಪದ ಹಾಡು ಹೇಳುವ ಕಥೆ ಗೊತ್ತಿಲ್ಲದ ಮೈಸೂರಿಗರು ಕಡಿಮೆ. ಮಹಿಷನ ರಕ್ತದ ಒಂದೊಂದು ಹನಿಯೂ ನೆಲಕ್ಕೆ ಬಿದ್ದಂತೆ ಒಬ್ಬೊಬ್ಬ ರಕ್ಕಸ ಹುಟ್ಟುತ್ತಾನೆ. ಕಾದಿ ಕಾದಿ ಸುಸ್ತಾದ ಚಾಮುಂಡಿ ಬೆವರು ಒರೆಸಿ ಎಸೆಯುತ್ತಾಳೆ. ಆ ಬೆವರಿನಿಂದ ಎದ್ದು ಬಂದವಳು ಉತ್ತನಹಳ್ಳಿಯ ಮಾರಮ್ಮ, ಅವಳ ತಂಗಿ. ತಂಗಿ ನಾಲಗೆ ಚಾಚುತ್ತಾಳೆ, ರಕ್ತ ನೆಲಕ್ಕೆ ಬೀಳುವುದೇ ಇಲ್ಲ, ಅಕ್ಕ ಗೆಲ್ಲುತ್ತಾಳೆ. ಇವತ್ತಿಗೂ ಅಕ್ಕ ಬೆಟ್ಟದ ಮೇಲೆ, ತಂಗಿ ಬೆಟ್ಟದ ಕೆಳಗೆ. ಆಷಾಢ ಶುಕ್ರವಾರಗಳಲ್ಲಿ ಅಕ್ಕನ ಹೆಸರಿನಲ್ಲಿ ಪೊಂಗಲ್ಲು, ಕೇಸರಿಬಾತು, ಮೊಸರನ್ನ. ತಂಗಿಗೆ ಹರಕೆ ಹೊತ್ತವರು ಮಾಡುವುದು ಪರ, ಅಂದರೆ ಬಾಡೂಟ. ವಿಜಯದಶಮಿಯ ದಿನ ಅಕ್ಕನಿಗೆ 750 ಕಿಲೋ ತೂಕದ ಅಂಬಾರಿ. ನಾಲಗೆ ಚಾಚಿದವಳು ಇಲ್ಲದೆ ಆ ವಿಜಯವೇ ಇರಲಿಲ್ಲ. ಹೀಗಿದ್ದೂ ಗೆಲುವಿನ ಊಟದಲ್ಲಿ ಅವಳ ಅಡುಗೆಗೆ ಒಂದು ಮೂಲೆಯೂ ಇಲ್ಲ.

ಬೇರೆ ನಾಡಿನವರು ತಮ್ಮ ಸಂತನ ದಿನ ಏನು ಉಣ್ಣುತ್ತಾರೆ? ಸ್ಕಾಟ್ಲೆಂಡಿನವರ ಪಾಲಕ ಸಂತ ಆಂಡ್ರ್ಯೂ. ಅವನೇನು ಸ್ಕಾಟ್ಲೆಂಡಿನವನಲ್ಲ, ಗಲಿಲಾಯದ ಬೆಸ್ತ. ಅವನ ದಿನ ನವೆಂಬರ್ 30. 2007ರಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಕಾನೂನು ಮಾಡಿ ರಜೆಯ ಮಾನ್ಯತೆ ಕೊಟ್ಟಿತು. ಆ ದಿನದ ಮೇಜಿನ ಮೇಲೆ ಹ್ಯಾಗಿಸ್ ಇರುತ್ತದೆ: ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶವನ್ನು ಕೊಚ್ಚಿ, ಓಟ್ಸು, ಈರುಳ್ಳಿ, ಕೊಬ್ಬು ಬೆರೆಸಿ, ಕುರಿಯ ಹೊಟ್ಟೆಯ ಚೀಲಕ್ಕೇ ತುಂಬಿ ಬೇಯಿಸಿದ್ದು. ಜೊತೆಗೆ ನುರಿದ ಟರ್ನಿಪ್ಪು, ಆಲೂಗೆಡ್ಡೆ. ಒಳ್ಳೆಯ ತುಂಡುಗಳು ಕೈಗೆಟುಕದವರ ಅಡುಗೆ ಇದು. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಈ ಹ್ಯಾಗಿಸ್ಸನ್ನೇ ಕರೆದು ಮಾತಾಡಿಸುವ ಪದ್ಯ ಬರೆದ. ಜನವರಿ 25ರಂದು, ಅವನ ಹುಟ್ಟಿದ ದಿನ, ಬ್ಯಾಗ್‌ಪೈಪ್ ಊದಿಸುತ್ತಾ ತಟ್ಟೆಯಲ್ಲಿ ಹ್ಯಾಗಿಸ್ಸಿನ ಮೆರವಣಿಗೆ ಮಾಡುತ್ತಾರೆ. ತಿನ್ನದವರಿಗೆ ತರಕಾರಿ ಹ್ಯಾಗಿಸ್ಸೂ ಅಂಗಡಿಯಲ್ಲಿ ಸಿಗುತ್ತದೆ. ಯಾರ ಎಲೆಯನ್ನೂ ಯಾರೂ ಎಳೆದಿಲ್ಲ.

ಹ್ಯಾಗಿಸ್ಸಿನ ಖಾಸಾ ತಂಗಿಯೊಬ್ಬಳು ನಮ್ಮಲ್ಲೂ ಇದ್ದಾಳೆ, ಬೋಟಿಗೊಜ್ಜು. ತೊಳೆಯುವುದೇ ಅರ್ಧ ದಿನದ ಕೆಲಸ. ಸುಣ್ಣ, ಬಿಸಿನೀರು, ತಾಳ್ಮೆ ಎಲ್ಲವೂ ಬೇಕು. ಕೈಪಳಗಿದ ಹೆಂಗಸರಿಗೆ ಮಾತ್ರ ಒಲಿಯುವ ಅಡುಗೆ ಅದು. ಅದನ್ನು ವಾಲಗದೊಂದಿಗೆ ಮೆರೆಸುವುದಿರಲಿ, ನಗರದ ಗೆಳೆಯರ ಮುಂದೆ ಅದರ ಹೆಸರೆತ್ತಲೂ ನಮ್ಮ ಹಾಸ್ಟೆಲ್ಲಿನ ಹುಡುಗರು ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿಗಾಗಿಯೇ ಈ ಜಗಳ.

'ಆಹಾರ ಮೇಳದಲ್ಲಿ ಎಲ್ಲವೂ ಸಿಗುತ್ತದಲ್ಲ' ಎನ್ನುವವರಿದ್ದಾರೆ. ಸಿಗುತ್ತದೆ. ಆದಿವಾಸಿಗಳ ಬಂಬೂ ಬಿರಿಯಾನಿಗೆ ಅಲ್ಲಿ ಉದ್ದ ಸಾಲು. ಆದರೆ ಮಳಿಗೆಯಲ್ಲಿ ದುಡ್ಡು ಕೊಟ್ಟು ಕುತೂಹಲಕ್ಕೆ ಕೊಳ್ಳುವುದು ಬೇರೆ, ಪಂಕ್ತಿಯಲ್ಲಿ ನಮ್ಮದೆಂದು ಬಡಿಸುವುದು ಬೇರೆ. ಒಂದು ಅಡುಗೆ 'ನಾಡಿನದು', ಇನ್ನೊಂದು 'ವಿಶೇಷ' ಎಂದು ಬೋರ್ಡು ಬರೆದವರು ಯಾರು? 'ಪ್ರಾಣಿಬಲಿ ಮತ್ತೆ ತರುತ್ತೀರಾ' ಎನ್ನುವವರಿಗೂ ಉತ್ತರವಿದೆ. ದೇವಸ್ಥಾನದ ಆವರಣದಲ್ಲಿ ಬಲಿಯನ್ನು ತಡೆಯುವ ಕಾಯ್ದೆ 1959ರಿಂದ ಇದೆ. ಅದರ ತಂಟೆಗೆ ನಾನು ಹೋಗುತ್ತಿಲ್ಲ. ಬೆಟ್ಟದ ಮೇಲೆ ಬಾಡು ಬೇಯಿಸಿ ಎಂದೂ ಕೇಳುತ್ತಿಲ್ಲ. ಬಲಿಯ ಮಾತು ಬೇರೆ, ಊಟದ ಮಾತು ಬೇರೆ.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಎಂದೋ ಮುಂದೆ ಹೋಗಿದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ ಬೇಟೆಯೂ ಹಂದಿ ಮಾಂಸವೂ ಯಾವ ಸಂಕೋಚವೂ ಇಲ್ಲದೆ ಬರುತ್ತವೆ. ದೇವನೂರರ 'ಒಡಲಾಳ'ದ ಸಾಕವ್ವ ಇಡೀ ಊರು ಸುತ್ತಿ ಹುಡುಕುವುದು ಒಂದು ಹುಂಜವನ್ನು. ಇವನ್ನು ಪಠ್ಯವಾಗಿ ಓದಿ, ಟಿಪ್ಪಣಿ ಬರೆದು, ಅಂಕ ಪಡೆಯುತ್ತೇವೆ. ಅದೇ ಸಾಹಿತ್ಯದ ಹೆಸರಿನಲ್ಲಿ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಮ್ಮೇಳನದ ಮಳಿಗೆಗಳಿಗೆ ಹೊರಡಿಸಿದ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದರು. ಮುದ್ದೆ, ಬಾಡಿನ ಸಾರಿಗೆ ಹೆಸರಾದ ಮಂಡ್ಯದಲ್ಲಿ! ಅಲ್ಲಿನ ಜನ ಸಿಟ್ಟಿಗೆದ್ದರು, ಬಾಡೂಟಕ್ಕಾಗಿ ಬೀದಿಗಿಳಿದರು. ಆಗ ಕೆಲವು ಸಾಹಿತಿಗಳು 'ಊಟದ ವಿಷಯಕ್ಕೆ ಇಷ್ಟೊಂದು ಗಲಾಟೆ ಯಾಕೆ' ಎಂದು ಮೂಗು ಮುರಿದರು. ತಮ್ಮ ಊಟ ಯಾವಾಗಲೂ ಎಲೆಯ ಮೇಲೆ ಇದ್ದೇ ಇರುತ್ತದೆ ಎಂದು ಗೊತ್ತಿದ್ದವರು ಆಡುವ ಮಾತು ಅದು.

ನಾನು ಕೇಳುತ್ತಿರುವುದು ಬಹಳ ಸಣ್ಣದು. ಬರುವ ದಸರೆಯ ಆಹಾರ ಮೇಳ ಉದ್ಘಾಟನೆಯಾಗುವ ದಿನ, ಮಂತ್ರಿಗಳು ದೀಪ ಹಚ್ಚಿದ ಮೇಲೆ, ಪರದ ಅಡುಗೆಯಲ್ಲಿ ಕೈಪಳಗಿದ ಹೆಂಗಸೊಬ್ಬಳು ಮುದ್ದೆ, ಬೋಟಿಗೊಜ್ಜಿನ ತಟ್ಟೆ ಹಿಡಿದು ವೇದಿಕೆಗೆ ಬರಲಿ. ಮುಂದೆ ವಾಲಗದವರು ಇರಲಿ. ಬೇಡದವರಿಗೆ ಪಕ್ಕದಲ್ಲೇ ಅವರೆಕಾಳಿನ ಸಾರೂ ಇರಲಿ.